ಹಿನ್ನೀರಿನ ಸುತ್ತ ಎರಡು ದಿನ

ಬೆಂಗಳೂರಲ್ಲಿ ನಮ್ಮದೊಂದು ಸೈಕಲ್ ಗುಂಪಿದೆ. ಭಾನುವಾರ ನಸುಕಿನಲ್ಲಿ ಎದ್ದು ಯಾವುದಾದರೂ ಕೆರೆ ಸುತ್ತಿ, ದೋಸೆ ತಿಂದು, ಸ್ಟ್ರಾವಾದಲ್ಲಿ ಫೋಟೋ ಹಾಕಿ ಮತ್ತೆ ಮಲಗುವ ಜನ. ಅವರಲ್ಲೊಬ್ಬ ಒಮ್ಮೆ ಕೇಳಿದ: "ನಿಮ್ಮ ಬಿಜಾಪುರದ ಕಡೆ ಸೈಕಲ್ ಹೊಡಿಯೋಕೆ ಏನಿದೆ ಗುರು? ಬರೀ ಬಿಸಿಲು ತಾನೆ?" ನನಗೆ ಸಿಟ್ಟು ಬಂತು. ಕೊಡೋಕೆ ಉತ್ತರ ಇರಲಿಲ್ಲ, ಅದಕ್ಕೇ ಇನ್ನೂ ಜಾಸ್ತಿ ಬಂತು.

ಅವತ್ತು ರಾತ್ರಿ ಮ್ಯಾಪ್ ತೆಗೆದು ನೋಡಿದೆ. ನಮ್ಮೂರು ಬಸವನಬಾಗೇವಾಡಿ. ಅದರ ಕೆಳಗೆ ಕೈಚಾಚಿ ಮಲಗಿದ ಹಾಗೆ ಆಲಮಟ್ಟಿ ಹಿನ್ನೀರು. ಬಾಗೇವಾಡಿ, ನಿಡಗುಂದಿ, ಆಲಮಟ್ಟಿ, ಬಾಗಲಕೋಟೆ, ಬೀಳಗಿ, ಕೊಲ್ಹಾರ, ಮತ್ತೆ ಬಾಗೇವಾಡಿ. ಬೆರಳು ಹೊರಟಲ್ಲಿಗೇ ಬಂದು ನಿಂತಿತು. ಹತ್ತಿರ ಹತ್ತಿರ 150 ಕಿಲೋಮೀಟರ್. ಎಳ್ಳ ಅಮಾವಾಸ್ಯೆಗೆ ಹೇಗೂ ಊರಿಗೆ ಹೋಗುವುದಿತ್ತು. ಸ್ಲೀಪರ್ ಬಸ್ಸಿನ ಡಿಕ್ಕಿಯಲ್ಲಿ ಸೈಕಲ್ ಮಲಗಿಸಿಕೊಂಡು ಹೊರಟೆ.

ಅವ್ವನಿಗೆ ಇದು ಹಿಡಿಸಲಿಲ್ಲ. "ಅಮಾಸಿ ದಿನಾ ಮನ್ಯಾಗ ಇರೂದ ಬಿಟ್ಟ ಊರ ತಿರಗತೀಯೇನ? ಮಂದಿ ಏನಂದಾರು!" ದಾರಿಯ ಹೆಸರು ಹೇಳುತ್ತಾ ಕೊನೆಗೆ ಕೊಲ್ಹಾರ ಅಂದಾಗ ಸುಮ್ಮನಾದಳು. ಕೊಲ್ಹಾರ ಅವಳ ತವರು. ಈಗ ಬಸ್ಸು ನಿಲ್ಲುವ ಕೊಲ್ಹಾರ ಅಲ್ಲ, ಹಳೇ ಕೊಲ್ಹಾರ. ಅದು ನೀರೊಳಗಿದೆ.

ಮೊದಲ ದಿನ ಬೆಳಗ್ಗೆ ಆರಕ್ಕೆ ಬಸವೇಶ್ವರ ಗುಡಿಗೆ ಕೈ ಮುಗಿದು ನಿಡಗುಂದಿ ದಾರಿ ಹಿಡಿದೆ. ಎರಡೂ ಕಡೆ ಎರೆಭೂಮಿ, ಬಿಳಿಜೋಳ, ಕಡಲೆ. ಕಾಲುವೆ ಬಂದಲ್ಲೆಲ್ಲ ಕಬ್ಬು. ಇದು ಕಬ್ಬು ಕಡಿಯುವ ಕಾಲ. ಎರಡು ಟ್ರೇಲರ್ ಜೋಡಿಸಿಕೊಂಡ ಟ್ರ್ಯಾಕ್ಟರುಗಳು ಜೋರಾಗಿ ಹಾಡು ಹಾಕಿಕೊಂಡು ರಸ್ತೆ ತುಂಬ ಓಲಾಡುತ್ತಾ ಬರುತ್ತವೆ. ಅವು ಕಂಡರೆ ಟಾರು ಬಿಟ್ಟು ಕೆಳಗಿಳಿಯಿರಿ, ಮರ್ಯಾದೆ ಪ್ರಶ್ನೆ ಮಾಡಿಕೊಳ್ಳಬೇಡಿ. ಮಳೆಗಾಲದಲ್ಲಂತೂ ಇಳಿಯಲೇಬೇಡಿ, ಎರೆಮಣ್ಣು ಚಕ್ರಕ್ಕೆ ಹತ್ತಿದರೆ ಸೈಕಲ್ಲನ್ನು ನೀವೇ ಹೊರಬೇಕು.

ನಿಡಗುಂದಿಗೆ ಇನ್ನೂ ದೂರ ಇರುವಾಗ ಹಿಂದಿನಿಂದ ಸುಯ್ ಅಂತ ಸದ್ದು. ಹದಿನಾಲ್ಕು ವಯಸ್ಸಿನ ಹುಡುಗಿ, ಬಾಗಿದ ಹ್ಯಾಂಡಲ್ಲಿನ ರೇಸಿಂಗ್ ಸೈಕಲ್, ನನ್ನ ಕಡೆ ನೋಡಲೂ ಇಲ್ಲ. ಹಿಂದೆ ಇನ್ನೂ ಮೂವರು. ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ದೇಶಕ್ಕೆ ಸೈಕ್ಲಿಸ್ಟ್‌ಗಳನ್ನು ಕೊಟ್ಟ ಜಿಲ್ಲೆಗಳು. ಇಲ್ಲಿನ ಹಳ್ಳಿ ಮಕ್ಕಳು ರಾಷ್ಟ್ರಮಟ್ಟದ ಪದಕ ತಂದದ್ದನ್ನು ಪೇಪರಿನಲ್ಲಿ ಓದುತ್ತಲೇ ಬೆಳೆದವನು ನಾನು. ಗೆಳೆಯ ಕೇಳಿದಾಗ ಇದೇ ನೆನಪಾಗಲಿಲ್ಲ, ನೋಡಿ.

ಆಲಮಟ್ಟಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮ ಕಡೆಯ ಪ್ರತಿ ಶಾಲೆಯ ಪ್ರವಾಸವೂ ಅಲ್ಲಿಗೇ. ರಾಕ್ ಗಾರ್ಡನ್, ಮೊಘಲ್ ಗಾರ್ಡನ್, ಸಂಜೆಗೆ ಸಂಗೀತ ಕಾರಂಜಿ. ಬೇಸಿಗೆಯಲ್ಲಿ ಕಣ್ಣಿಗೆ ಹಸಿರು ಬೇಕೆಂದರೆ ಸುತ್ತಲಿನ ತಾಲ್ಲೂಕಿನವರೆಲ್ಲ ಬರುವುದು ಈ ತೋಟಗಳಿಗೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದ ಅಣೆಕಟ್ಟನ್ನು 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ನಾಡಿಗೆ ಅರ್ಪಿಸಿದರು. ನಡುವೆ ನಲವತ್ತೆರಡು ವರ್ಷ. ನನ್ನ ಆಫೀಸಿನಲ್ಲಿ ಎರಡು ವಾರ ತಡವಾದರೆ ಮೀಟಿಂಗ್ ಕರೆಯುತ್ತಾರೆ. 26 ಗೇಟು, 290 ಮೆಗಾವಾಟ್ ವಿದ್ಯುತ್, ಸುಮಾರು 123 ಟಿಎಂಸಿ ನೀರು. ಚಿಕ್ಕಂದಿನಲ್ಲಿ ಇವನ್ನೆಲ್ಲ ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ. ನೀರು ಎಲ್ಲಿಯವರೆಗೆ ಹಿಂದಕ್ಕೆ ನಿಂತಿದೆ ಅಂತ ಯಾರೂ ಪ್ರಶ್ನೆ ಕೇಳಿರಲಿಲ್ಲ.

ನೀರು ತುಂಬಿದಾಗ ಅದರ ಮಟ್ಟ ಸಮುದ್ರಮಟ್ಟದಿಂದ 519.60 ಮೀಟರ್. ಈ ಅಂಕಿ ಇರಲಿ, ಮುಂದೆ ಬೇಕಾಗುತ್ತದೆ.

ಹೆದ್ದಾರಿಯ ಸೇತುವೆಯಲ್ಲಿ ಕೃಷ್ಣೆ ದಾಟಿದೆ. ಅಣೆಕಟ್ಟಿನ ಕೆಳಗೆ ಅವಳು ಬಂಡೆಗಳ ನಡುವೆ ಹರಿಯುವ ಸಾದಾ ಹೊಳೆ, ಮೇಲೆ ಸಮುದ್ರ. ಅಲ್ಲಿಂದ ಬಾಗಲಕೋಟೆವರೆಗೆ ಎದುರುಗಾಳಿ, ಪಂಕ್ಚರ್ ಒಂದು, ಮಿರ್ಚಿ ಭಜಿ ನಾಲ್ಕು. ರಾತ್ರಿ ನವನಗರದಲ್ಲಿ ಕಾಲೇಜು ಗೆಳೆಯನ ಮನೆ. ಹಳೇ ಬಾಗಲಕೋಟೆಯ ಎಷ್ಟೋ ಭಾಗ ಮುಳುಗಿದ ಮೇಲೆ ಸೆಕ್ಟರ್, ಸೆಕ್ಟರ್ ಅಂತ ಗೆರೆ ಎಳೆದು ಕಟ್ಟಿದ ಊರು ಅದು. ರಸ್ತೆಗಳು ಅಗಲ. ವಿಳಾಸಗಳು ಬರೀ ಸಂಖ್ಯೆ.

ಎರಡನೇ ದಿನ ಎಳ್ಳ ಅಮಾವಾಸ್ಯೆ. ಮಧ್ಯಾಹ್ನದೊಳಗೆ ಮನೆ ಮುಟ್ಟುವ ಲೆಕ್ಕ. ಗದ್ದನಕೇರಿ ಕ್ರಾಸ್ ದಾಟಿ, ಅನಗವಾಡಿ ಸೇತುವೆ ಮೇಲೆ ಘಟಪ್ರಭೆಯನ್ನು ದಾಟಿದಾಗ ಇನ್ನೂ ಮಂಜಿತ್ತು. ಮುಂದೆ ಹಿನ್ನೀರಿನಂಚಿನ ಹೊಲವೊಂದರಲ್ಲಿ ಹೆಬ್ಬಾತುಗಳ ಹಿಂಡು, ಬಿಳಿ ತಲೆಯ ಮೇಲೆ ಎರಡು ಕರಿ ಪಟ್ಟಿ. ಹಿಮಾಲಯ ದಾಟಿ ಬರುವ ಹಕ್ಕಿಗಳು. ಫೋಟೋ ತೆಗೆಯೋಣ ಅಂತ ಸೈಕಲ್ ನಿಲ್ಲಿಸಿದ್ದೇ ತಪ್ಪಾಯಿತು. ಅಥವಾ ಸರಿಯಾಯಿತು.

"ಏ ತಮ್ಮಾ, ಎಲ್ಲಿಗಿ ಹೊಂಟಿ? ಬಾ, ಉಂಡ ಹೋಗ."

ಬನ್ನಿಗಿಡದ ಕೆಳಗೆ ಐದು ಕಲ್ಲಿಟ್ಟು ಪಾಂಡವರ ಪೂಜೆ ಮಾಡಿ, ಹೊಲಕ್ಕೆಲ್ಲ ಚರಗ ಚೆಲ್ಲಿ, ಒಂದು ಮನೆಯವರು ಉಣ್ಣಲು ಕೂತಿದ್ದರು. ನಮ್ಮ ಕಡೆ ಈ ದಿನ ಹೊಲದ ಹಾದಿಯಲ್ಲಿ ಹೋಗುವವರನ್ನು ಉಣ್ಣಿಸದೆ ಬಿಡುವುದಿಲ್ಲ. ಸಜ್ಜಿ ರೊಟ್ಟಿ, ಎಣಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ. ಸೈಕಲ್ ಪ್ಯಾಂಟಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತ ನನ್ನನ್ನು ನೋಡಿ ಹುಡುಗರು ಮುಸಿಮುಸಿ ನಕ್ಕರು.

"ಹಕ್ಕಿ ಚಲೋ ಅದಾವ್ರಿ" ಅಂದೆ.

"ನಿನಗ ಚಲೋ. ನಮ್ಮ ಕಡ್ಲಿ ತಿಂತಾವು" ಅಂದರು ಮನೆಯ ಹಿರಿಯರು. ಆಮೇಲೆ ಹೊಲದ ಆಚೆ ಅಂಚಿಗೆ ಕೈ ತೋರಿಸಿದರು. "ತಿನ್ನಲಿ ಬಿಡು. ಎಲ್ಲಾ 524ಕ್ಕ ಹೋಗೂದ ಐತಿ."

ಹಿನ್ನೀರಿನ ದಂಡೆಯಲ್ಲಿ 524 ಅಂದರೆ ಯಾರಿಗೂ ವಿವರಿಸಬೇಕಿಲ್ಲ. ಅಣೆಕಟ್ಟಿನ ಮಟ್ಟವನ್ನು 519.60ರಿಂದ 524.256 ಮೀಟರ್‌ಗೆ ಏರಿಸಲು ಎರಡನೇ ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲಿ ಒಪ್ಪಿತು. ಇನ್ನೂ ಏರಿಲ್ಲ. ವ್ಯತ್ಯಾಸ 4.656 ಮೀಟರ್, ಒಂದೂವರೆ ಮಹಡಿಯಷ್ಟು. ಇಷ್ಟು ಚಪ್ಪಟೆ ನೆಲದಲ್ಲಿ ನೀರು ಒಂದೂವರೆ ಮಹಡಿ ಏರಿದರೆ ಎಷ್ಟು ದೂರ ಹರಡುತ್ತದೆ ಅಂತ ಅವರ ಹೊಲದಲ್ಲಿ ನಿಂತರೆ ಕಣ್ಣಿಗೇ ಗೊತ್ತಾಗುತ್ತದೆ. ಅದೇ ನೀರಿಗಾಗಿ ಇಂಡಿ, ಸಿಂದಗಿ ಕಡೆಯ ಒಣ ಹೊಲಗಳು ಕಾದಿವೆ. ಕಾಲುವೆ ಬಂದ ಮೇಲೆ ಬದುಕು ತಿರುಗಿದ ನೆಂಟರು ನನಗೂ ಇದ್ದಾರೆ. ಯಾರ ಪರ ಮಾತಾಡಲಿ? ಹಿರಿಯರು ಇನ್ನೊಂದು ಹೋಳಿಗೆ ಹಾಕಿಸಿದರು. "ಬಾವಿ ತೋಡಸಬೇಕಂದ್ರ, ಮುಳಗೂದ ಐತಿ ಯಾಕ ಅಂತೀವಿ. ಮನಿ ಕಟ್ಟಬೇಕಂದ್ರೂ ಅದ. ಹೋಗೂದಾದ್ರ ಹೋಗಲಿ, ಇರೂದಾದ್ರ ಇರಲಿ. ನಡುವ ಇಡಬಾರ್ದ ನೋಡ ಮನಷ್ಯಾರ್ನ."

ಅಲ್ಲಿಂದ ಹೊರಟಾಗ ಹನ್ನೆರಡು ದಾಟಿತ್ತು.

ಕೊರ್ತಿ ಬಿಟ್ಟ ಮೇಲೆ ಕೊಲ್ಹಾರದ ಸೇತುವೆ. ಸುಮಾರು ಮೂರು ಕಿಲೋಮೀಟರ್, ಎರಡೂ ಕಡೆ ನೀರೇ ನೀರು. ನಡುವೆ ಎಲ್ಲೋ ಫೋನು ಬಂತು. ಅವ್ವ. ಬೆಳಗ್ಗೆ ವಾಟ್ಸಾಪಿನಲ್ಲಿ ಲೈವ್ ಲೊಕೇಶನ್ ಹಾಕಿದ್ದೆ, ತಂಗಿ ಅದನ್ನು ತೆರೆದು ಅವಳ ಕೈಗೆ ಕೊಟ್ಟಿದ್ದಳು.

"ಏ, ನೀ ನೀರಾಗ ಅದಿ ಅಂತ ತೋರ್ಸಾಕತ್ತೈತೋ!"

ಸೇತುವೆ ಮೇಲಿದ್ದೇನೆ ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ದನಿ ಬೇರೆಯಾಗಿತ್ತು.

"ಇನ್ನ ಒಂದೀಟ ಮುಂದ ಹೋಗ. ಹಾಂ, ಅಲ್ಲೇ. ಅಲ್ಲಿಂದ ಹೊಳಿ ಕಡೆ ಹೊಳ್ಳಿದ್ರ ಅಗಸಿ ಬರ್ತಿತ್ತು. ಅಗಸಿ ದಾಟಿ ಮೂರನೇದ ನಮ್ಮ ಮನಿ. ಮುಂದ ಬೇಯಿನಗಿಡ."

ನಾನು ನಿಂತ ಕಡೆ ಕಂಬಿ ಇತ್ತು, ಅದರಾಚೆ ನೀರು. ಮೀನುಗಾರರ ತೆಪ್ಪವೊಂದು ತಿರುಗುತ್ತಿತ್ತು. ಫೋನಿನ ಪರದೆಯಲ್ಲಿ ನಾನೊಂದು ಚುಕ್ಕೆ, ಸುತ್ತ ನೀಲಿ. ಅಲ್ಲೇ ಅಂದಾಜು ಹಿಡಿದು ಒಂದು ಫೋಟೋ ತೆಗೆದೆ. ನೋಡಿದರೆ ಬರೀ ನೀರಿನ ಫೋಟೋ. ಆದರೂ ಕಳಿಸಿದೆ.

ಕೊಲ್ಹಾರದಲ್ಲಿ ಮೊಸರು ತಗೊಳ್ಳದೆ ಬಂದರೆ ಮನೆಯೊಳಗೆ ಸೇರಿಸುವುದಿಲ್ಲ. ಮಣ್ಣಿನ ಗಡಿಗೆಯಲ್ಲಿ ಹೆಪ್ಪು ಹಾಕಿದ ಗಟ್ಟಿ ಮೊಸರು, ಊರು ಜಾಗ ಬದಲಿಸಿದರೂ ಅದರ ಹೆಸರು ಹೋಗಿಲ್ಲ. ಗಡಿಗೆಯನ್ನು ಟವೆಲ್ಲಿನಲ್ಲಿ ಸುತ್ತಿ ಬೆನ್ನ ಚೀಲಕ್ಕೆ ಹಾಕಿ, ಉಳಿದ ಮೂವತ್ತು ಚಿಲ್ಲರೆ ಕಿಲೋಮೀಟರನ್ನು ತಗ್ಗು ಬಂದಲ್ಲೆಲ್ಲ ಇಳಿದು ತಳ್ಳುತ್ತಾ ಬಂದೆ. ಮನೆ ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ಅವ್ವ ಬಾಗಿಲಲ್ಲೇ ನಿಂತಿದ್ದಳು. ತಡವಾಗಿದ್ದಕ್ಕೆ ಬೈಯಲಿಲ್ಲ. ಗಡಿಗೆ ಇಸಿದುಕೊಂಡು ಮೂಸಿ ನೋಡಿ ಒಳಗೆ ಇಟ್ಟಳು, ಮತ್ತೆ ಹೊರಗೆ ಬಂದು ಫೋನು ಚಾಚಿದಳು.

"ಆ ಫೋಟೋ ಒಂದೀಟ ದೊಡ್ಡದ ಮಾಡಿ ತೋರ್ಸ."