ಮಣ್ಣು ಪರೀಕ್ಷೆ ಮತ್ತು ನನ್ನ ಸುಳ್ಳು

ನಮ್ಮದು ಎರಡು ಎಕರೆ ಕೆಂಪು ಮಣ್ಣಿನ ಹೊಲ. ಮಳೆ ನಂಬಿ ರಾಗಿ ಬೆಳೆಯುತ್ತೇವೆ. ಪ್ರತಿ ವರ್ಷ ಅಪ್ಪ ಅಂಗಡಿಯಲ್ಲಿ ಸಾಲ ಹೇಳಿ ಡಿ.ಎ.ಪಿ. ಗೊಬ್ಬರ ತರುತ್ತಿದ್ದರು. ಪಕ್ಕದ ಹೊಲದವರು ಎಷ್ಟು ಮೂಟೆ ಹಾಕಿದರೋ ನಮ್ಮದೂ ಅಷ್ಟೇ.

ಕಳೆದ ಬೇಸಿಗೆ ರಜಕ್ಕೆ ಮುಂಚೆ ವಿಜ್ಞಾನದ ಮೇಷ್ಟ್ರು ಮಣ್ಣು ಪರೀಕ್ಷೆಯ ವಿಷಯ ಹೇಳಿಕೊಟ್ಟರು. ನಾನು ಮನೆಯಲ್ಲಿ ಅದನ್ನೇ ಹೇಳಿದೆ. ಅಜ್ಜಿ ನಕ್ಕು, "ಮಣ್ಣಿಗೂ ಜ್ವರ ಬತ್ತದೇನೇ?" ಅಂದರು. ಅಪ್ಪ ಮಾತ್ರ ನಗಲಿಲ್ಲ. "ಮಣ್ಣು ನೀನೇ ತಗೊಂಬಾ ಮಗಾ, ರೈತ ಸಂಪರ್ಕ ಕೇಂದ್ರಕ್ಕೆ ಕೊಟ್ಟು ಬತ್ತೀನಿ" ಅಂದರು.

ಅವತ್ತು ಬಿಸಿಲು ಜಾಸ್ತಿ ಇತ್ತು. ನಮ್ಮ ಹೊಲದ ಬದುವಿನ ಹತ್ತಿರ ತಿಪ್ಪೆ, ಅದರ ಪಕ್ಕ ಹೊಂಗೆ ಮರ. ಅಲ್ಲಿ ನೆರಳೂ ಇತ್ತು, ಮಣ್ಣೂ ಮೆತ್ತಗಿತ್ತು. ತಿಪ್ಪೆ ಹತ್ತಿರ ತೆಗೆಯಬಾರದು ಅಂತ ಮೇಷ್ಟ್ರು ಹೇಳಿದ್ದು ನೆನಪಿತ್ತು. ಆದರೂ ಅಲ್ಲೇ ಎರಡು ಕಡೆ ಅಗೆದು ಚೀಲ ತುಂಬಿಕೊಂಡು ಬಂದೆ. "ಹೊಲಾನೆಲ್ಲಾ ಸುತ್ತಿದ್ಯಾ?" ಅಂತ ಅಪ್ಪ ಕೇಳಿದರು. "ಹೂಂ" ಅಂದೆ.

ರಾತ್ರಿ ಊಟ ಮಾಡುವಾಗ ಅಪ್ಪ ಅವ್ವನಿಗೆ, "ಈ ಸಲ ಚೀಟೀಲಿ ಏನ್ ಬರ್ದಿರ್ತಾರೋ ಅಷ್ಟೇ ಗೊಬ್ಬರ ತರೋದು" ಅಂದರು. ನನಗೆ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ. ತಿಪ್ಪೆ ಪಕ್ಕದ ಮಣ್ಣು ಸತ್ವದ್ದು. ಅದನ್ನು ನೋಡಿ ಗೊಬ್ಬರ ಬೇಡ ಅಂತ ಬರೆದರೆ? ನಮ್ಮ ರಾಗಿ ಕೈಕೊಟ್ಟರೆ? ಮೇಷ್ಟ್ರು ಹೇಳಿದ ಲೆಕ್ಕ ನೆನಪಾಯಿತು. ಒಂದು ಎಕರೆಯಲ್ಲಿ ಅರ್ಧ ಅಡಿ ಆಳದವರೆಗಿನ ಮಣ್ಣು ಸುಮಾರು 9 ಲಕ್ಷ ಕಿಲೋ ತೂಗುತ್ತದೆ. ಅಷ್ಟು ಮಣ್ಣಿನ ಪರವಾಗಿ ಬರೀ ಅರ್ಧ ಕಿಲೋ ಸಾಕ್ಷಿ ಹೇಳಬೇಕು. ನಾನು ಸುಳ್ಳು ಸಾಕ್ಷಿ ತಂದಿದ್ದೆ. ನಿದ್ದೆ ಬರಲಿಲ್ಲ.

ಬೆಳಿಗ್ಗೆ ಎದ್ದವಳೇ ಅಪ್ಪನಿಗೆ ಹೇಳಿಬಿಟ್ಟೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಡಿ, ಇಬ್ರೂ ಹೋಗಣ" ಅಂದರು. ಚೀಲದ ಮಣ್ಣನ್ನು ತಿಪ್ಪೆಗೇ ಸುರಿದರು.

ಹಾವು ಹರಿದ ಹಾಗೆ ಅಂಕುಡೊಂಕಾಗಿ ನಡೆದು ಹತ್ತು ಕಡೆ ಗುರುತು ಮಾಡಿದೆವು. ಬದು, ತಿಪ್ಪೆ, ಮರದ ಬುಡ ಬಿಟ್ಟೆವು. ಮೇಲಿನ ಕಸಕಡ್ಡಿ ಸರಿಸಿ, ಇಂಗ್ಲಿಷಿನ 'ವಿ' ಅಕ್ಷರದಂತೆ ಅರ್ಧ ಅಡಿ ಗುಂಡಿ ತೆಗೆದು, ಅದರ ಪಕ್ಕದಲ್ಲಿ ಮೇಲಿಂದ ಕೆಳಗಿನವರೆಗೆ ಬೆರಳು ದಪ್ಪ ಮಣ್ಣು ಕೆತ್ತಿಕೊಂಡೆವು. ಎಲ್ಲಾ ಬೆರೆಸಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಇಟ್ಟುಕೊಂಡು ಉಳಿದದ್ದು ಬಿಸಾಕಿದೆವು. ಅರ್ಧ ಕಿಲೋ ಉಳಿಯುವವರೆಗೆ ಹೀಗೇ ಮಾಡಿದೆವು. ನೆರಳಲ್ಲಿ ಒಣಗಿಸಿ ಬಟ್ಟೆ ಚೀಲಕ್ಕೆ ಹಾಕಿದೆವು. ಗೊಬ್ಬರದ ಹಳೇ ಚೀಲ ಆಗುವುದಿಲ್ಲ. ಅಪ್ಪನ ಹೆಸರು, ಸರ್ವೆ ನಂಬರ್ ಬರೆದ ಕಾಗದವನ್ನು ನಾನೇ ಒಳಗಿಟ್ಟೆ.

ಬಿತ್ತನೆಗೆ ಮೊದಲೇ ಮಣ್ಣು ಆರೋಗ್ಯ ಚೀಟಿ ಬಂತು. ಈ ಚೀಟಿಯ ಯೋಜನೆ 2015ರಲ್ಲಿ ಶುರುವಾಯಿತು. ಇದರಲ್ಲಿ 12 ಅಂಶಗಳಿರುತ್ತವೆ. ನಾನೇ ಓದಿ ಹೇಳಿದೆ. ನಮ್ಮ ಹೊಲದಲ್ಲಿ ರಂಜಕ ಜಾಸ್ತಿ, ಸಾವಯವ ಇಂಗಾಲ ಕಡಿಮೆ. ಡಿ.ಎ.ಪಿ.ಯಲ್ಲಿ ಹೆಚ್ಚಾಗಿ ಇರುವುದು ರಂಜಕವೇ. ಇದ್ದದ್ದನ್ನೇ ಸಾಲ ಮಾಡಿ ತಂದು ಸುರಿಯುತ್ತಿದ್ದೆವು! ಅಪ್ಪ ಈ ಸಲ ಡಿ.ಎ.ಪಿ. ಒಂದು ಮೂಟೆ ಕಡಿಮೆ ತಂದರು. ಕೊಟ್ಟಿಗೆ ಗೊಬ್ಬರ ಎರಡು ಗಾಡಿ ಹೆಚ್ಚು ಹೊಡೆದರು.

ರಾಗಿ ಈಗ ಮೊಣಕಾಲುದ್ದ ಇದೆ. ಎಷ್ಟು ಮೂಟೆ ಆಗುತ್ತದೋ ಸುಗ್ಗಿಯಲ್ಲಿ ನೋಡಬೇಕು. ಆದರೆ ಅಂಗಡಿ ಸಾಲ ಕಡಿಮೆ ಆಗಿದೆ ಅಂತ ಅವ್ವ ಹೇಳುತ್ತಾಳೆ.

ಗೆಳೆಯ ಗೆಳತಿಯರೇ, ನೀವೂ ನಿಮ್ಮ ಹೊಲದ ಮಣ್ಣು ಪರೀಕ್ಷೆ ಮಾಡಿಸಿ. ಮಣ್ಣು ತೆಗೆಯುವಾಗ ನನ್ನ ಹಾಗೆ ನೆರಳು ಹುಡುಕಬೇಡಿ. ಹೊಲ ಪೂರ್ತಿ ಸುತ್ತಿ.

– ಏಳನೇ ತರಗತಿಯ ವಿದ್ಯಾರ್ಥಿನಿ