ಒಂದು ಪ್ಲೇಟು ಜಾಸ್ತಿ

ನಮ್ಮ ಕಡೆ ಗಾಡಿಯ ಯೋಗ್ಯತೆಯನ್ನು ಕಾಯಿಯ ಲೆಕ್ಕದಲ್ಲಿ ಅಳೆಯುತ್ತಾರೆ. 'ಎಷ್ಟು ಕಾಯಿ ಹೊರ್ತದೆ?' ಎಂಬುದು ಮೊದಲ ಪ್ರಶ್ನೆ. ಮೈಲೇಜು ಆಮೇಲೆ, ಬ್ರೇಕು ಅದಕ್ಕೂ ಆಮೇಲೆ. ತಿರುವಿನಲ್ಲಿ ಅದು ಹೇಗೆ ನಡೆದುಕೊಳ್ಳುತ್ತದೆ ಎಂದು ಕೇಳಿದವರನ್ನು ನಾನು ಕಂಡಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ರಸ್ತೆಗಳಲ್ಲಿ ಓಡಾಡುವ ಪಿಕಪ್ಪುಗಳ ಹಿಂಭಾಗವನ್ನು ಒಮ್ಮೆ ಬಗ್ಗಿ ನೋಡಿ. ಹಿಂದಿನ ಆಕ್ಸಲ್ಲಿಗೆ ಸೇರಿದಂತೆ ಬಿಲ್ಲಿನ ಹಾಗೆ ಬಾಗಿದ ಉಕ್ಕಿನ ಪಟ್ಟಿಗಳು ಒಂದರ ಮೇಲೊಂದು ಕೂತಿರುತ್ತವೆ. ಅದೇ ಅದರ ಸ್ಪ್ರಿಂಗು. ಒಂದೊಂದು ಪಟ್ಟಿಗೂ ನಮ್ಮವರು ಪ್ಲೇಟು ಎನ್ನುತ್ತಾರೆ. ಕಂಪನಿ ಕೊಟ್ಟಿದ್ದಕ್ಕಿಂತ ಒಂದೋ ಎರಡೋ ಪ್ಲೇಟು ಹೆಚ್ಚಿಗೆ ಹಾಕಿಸಿಕೊಂಡ ಗಾಡಿಗಳಿಗೆ ಬರವಿಲ್ಲ.

ನನ್ನ ಭಾವನ ಗಾಡಿಗೂ ಒಂದು ಪ್ಲೇಟು ಜಾಸ್ತಿ ಇದೆ. ಚಿಕ್ಕನಾಯಕನಹಳ್ಳಿ ಕಡೆಯ ತೋಟಗಳಿಂದ ಕಾಯಿ, ಕೊಬ್ಬರಿ ಮೂಟೆ ತುಂಬಿಕೊಂಡು ಕೆ.ಬಿ. ಕ್ರಾಸ್ ಮೇಲೆ ತಿಪಟೂರಿಗೆ ಹೋಗುವುದು, ಸಂಜೆಗೆ ಖಾಲಿ ಗಾಡಿಯಲ್ಲಿ ವಾಪಸ್ ಬರುವುದು ಅವರ ಕಸುಬು. ಗಾಡಿ ಸಾಲದ್ದು. ಲೋಡು ಹಾಕಿದಾಗ ಹಿಂದೆ ಕುಸಿದು ಕೂರುತ್ತಿತ್ತು. ಪ್ಲೇಟು ಹಾಕಿಸಿದ ಮೇಲೆ ನೆಟ್ಟಗೆ ನಿಂತಿತು, ಇನ್ನಷ್ಟು ಕಾಯಿಗೂ ಜಾಗವಾಯಿತು. 'ಲೋಡ್ ಇದ್ರೆ ಎತ್ತಿನಂಗೆ ಓಯ್ತದೆ ಕಣಪ್ಪ, ಖಾಲಿ ಇದ್ರೆ ಕರ ಎಗರ್ದಂಗೆ ಎಗರ್ತದೆ' ಎಂದು ಭಾವ ನಗುತ್ತಾ ಹೇಳುತ್ತಿದ್ದರು. ಎಂಜಿನಿಯರಿಂಗ್ ಪುಸ್ತಕದ ಒಂದು ಅಧ್ಯಾಯ ಈ ಒಂದು ಮಾತಿನೊಳಗಿದೆ ಎಂಬುದು ನನಗೆ ತಿಳಿದದ್ದು ಆಮೇಲೆ.

ತಾತನ ಕಾಲದ ಎತ್ತಿನ ಗಾಡಿಗೆ ಸ್ಪ್ರಿಂಗೇ ಇರಲಿಲ್ಲ. ಆದರೆ ಮುಂಭಾರ, ಹಿಂಭಾರ ಎಂಬ ಎರಡು ಮಾತುಗಳಿದ್ದವು. ಮುಂಭಾರವಾದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ. ಹಿಂಭಾರವಾದರೆ ಮೂಕಿ ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತದೆ. ಗಾಡಿ ಹೂಡುವವರು ಹೊರಡುವ ಮುಂಚೆ ಮೂಟೆಯನ್ನು ಅರ್ಧ ಅಡಿ ಹಿಂದೆ ಮುಂದೆ ಸರಿಸಿ ಸಮ ಮಾಡುತ್ತಿದ್ದರು. ಮೋಟಾರು ಗಾಡಿಗೂ ಇಂಥದೇ ಒಂದು ಸಮತೂಕವಿದೆ, ಆದರೆ ಅದು ನಿಂತಾಗ ಕಾಣುವುದಿಲ್ಲ, ತಿರುವಿನಲ್ಲಿ ಮಾತ್ರ ಕಾಣುತ್ತದೆ. ತಿರುವಿನಲ್ಲಿ ಮುಂದಿನ ಚಕ್ರಗಳು ಮೊದಲು ಹಿಡಿತ ಕಳೆದುಕೊಂಡರೆ ಸ್ಟೀರಿಂಗ್ ತಿರುಗಿಸಿದಷ್ಟು ಗಾಡಿ ತಿರುಗುವುದಿಲ್ಲ, ನೇರವಾಗಿ ಹೊರಗೆ ಸರಿಯುತ್ತದೆ. ಇದು ಅಂಡರ್‌ಸ್ಟಿಯರ್. ಹಿಂದಿನ ಚಕ್ರಗಳು ಮೊದಲು ಜಾರಿದರೆ ಬೇಕಾದ್ದಕ್ಕಿಂತ ಹೆಚ್ಚು ತಿರುಗಿ, ಹಿಂಭಾಗವೇ ಮುಂದೆ ಬರಲು ನೋಡುತ್ತದೆ. ಇದು ಓವರ್‌ಸ್ಟಿಯರ್. 1930ರ ದಶಕದಲ್ಲಿ ಅಮೆರಿಕದ ಜನರಲ್ ಮೋಟರ್ಸ್‌ನಲ್ಲಿದ್ದ ಬ್ರಿಟಿಷ್ ಎಂಜಿನಿಯರ್ ಮಾರಿಸ್ ಆಲಿ ಈ ಎರಡು ಮಾತುಗಳನ್ನು ಬಳಕೆಗೆ ತಂದವರಲ್ಲಿ ಮುಖ್ಯರು.

ಪ್ಲೇಟಿಗೂ ಇದಕ್ಕೂ ಏನು ಸಂಬಂಧ? ಒಂದು ಲೆಕ್ಕ ಮಾಡೋಣ. ಖಾಲಿ ಗಾಡಿ 1,700 ಕೆಜಿ ಎಂದಿಟ್ಟುಕೊಳ್ಳಿ. ಸುಲಿದ ಕಾಯಿ ಒಂದಕ್ಕೆ ಅರ್ಧ ಕೆಜಿಯಂತೆ 2,600 ಕಾಯಿ ತುಂಬಿದರೆ 1,300 ಕೆಜಿ. ಒಟ್ಟು 3,000. ಭಾರದ ಕೇಂದ್ರ ನೆಲದಿಂದ ಒಂದು ಮೀಟರ್ ಎತ್ತರದಲ್ಲಿದೆ, ಎಡ ಬಲ ಚಕ್ರಗಳ ನಡುವೆ 1.4 ಮೀಟರ್ ಅಂತರವಿದೆ ಎನ್ನಿ. ಗಾಡಿಯ ತೂಕದ ಹತ್ತರಲ್ಲಿ ನಾಲ್ಕು ಪಾಲಿನಷ್ಟು ಬಲ ಅಡ್ಡಕ್ಕೆ ಬೀಳುವ ತಿರುವಿನಲ್ಲಿ ಸುಮಾರು 850 ಕೆಜಿ ಭಾರ ಒಳಗಿನ ಚಕ್ರಗಳನ್ನು ಬಿಟ್ಟು ಹೊರಗಿನ ಚಕ್ರಗಳ ಮೇಲೆ ಹೋಗಿ ಕೂರುತ್ತದೆ. ಎಷ್ಟೇ ಗಟ್ಟಿ ಸ್ಪ್ರಿಂಗ್ ಹಾಕಿದರೂ ಈ ಮೊತ್ತ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಸ್ಪ್ರಿಂಗು ಮಾಡುವುದು ಪಾಲು ಹಂಚುವ ಕೆಲಸವನ್ನು. ಈ 850ರಲ್ಲಿ ಮುಂದಿನ ಜೋಡಿ ಎಷ್ಟು ಹೊರಬೇಕು, ಹಿಂದಿನ ಜೋಡಿ ಎಷ್ಟು ಹೊರಬೇಕು ಎಂಬುದು ಅದರ ತೀರ್ಮಾನ. ಯಾವ ಕಡೆ ಗಟ್ಟಿಯೋ ಆ ಕಡೆಗೆ ಹೆಚ್ಚು ಪಾಲು.

ಟೈರಿಗೆ ಒಂದು ಸ್ವಭಾವವಿದೆ. ಅದರ ಮೇಲಿನ ಭಾರ ಎರಡರಷ್ಟಾದರೆ ಹಿಡಿತ ಎರಡರಷ್ಟಾಗುವುದಿಲ್ಲ, ಸ್ವಲ್ಪ ಕಡಿಮೆಯೇ ಸಿಗುತ್ತದೆ. ಹಾಗಾಗಿ ಒಂದು ಜೋಡಿಯಲ್ಲಿ ಒಂದು ಚಕ್ರ ಹಗುರಾಗಿ ಇನ್ನೊಂದು ಭಾರವಾದಷ್ಟೂ ಆ ಜೋಡಿಯ ಒಟ್ಟು ಹಿಡಿತ ಇಳಿಯುತ್ತದೆ. ಹಿಂದೆ ಪ್ಲೇಟು ಸೇರಿಸಿದರೆ ಹಿಂದಿನ ಜೋಡಿ ಹೆಚ್ಚು ಕಳೆದುಕೊಳ್ಳುತ್ತದೆ, ಗಾಡಿ ಓವರ್‌ಸ್ಟಿಯರ್ ಕಡೆ ವಾಲುತ್ತದೆ. ಮುಂದೆ ಗಟ್ಟಿ ಮಾಡಿದರೆ ಇದರ ತಿರುಗುಮುರುಗು.

ಖಾಲಿ ಗಾಡಿಯಲ್ಲಿ ಇನ್ನೊಂದು ತೊಡಕು ಸೇರುತ್ತದೆ. ಟನ್ನುಗಟ್ಟಲೆ ಹೊರಲು ಹಾಕಿದ ಸ್ಪ್ರಿಂಗಿಗೆ ಬರಿಯ ತೊಟ್ಟಿಯ ಭಾರ ಲೆಕ್ಕಕ್ಕೇ ಇಲ್ಲ. ಅದು ಮಣಿಯುವುದಿಲ್ಲ. ರಸ್ತೆಯಲ್ಲಿ ಸಣ್ಣ ಉಬ್ಬುತಗ್ಗು ಸಿಕ್ಕರೂ ಚಕ್ರ ನೆಲ ಬಿಟ್ಟು ಏಳುತ್ತದೆ. ನೆಲ ಬಿಟ್ಟ ಚಕ್ರಕ್ಕೆ ಹಿಡಿತ ಎಲ್ಲಿಂದ ಬರಬೇಕು? ಕರ ಎಗರುವುದು ಎಂದು ಭಾವ ಹೇಳಿದ್ದು ಇದನ್ನೇ.

ಎರಡು ವರ್ಷದ ಹಿಂದೆ, ಮುಂಗಾರಿನ ಮೊದಲ ಮಳೆಯ ಸಂಜೆ, ಖಾಲಿ ಗಾಡಿ ಕೆರೆ ಏರಿಯ ಮೇಲಿನ ತಿರುವಿನಲ್ಲಿ ಹಿಂಬದಿ ಬೀಸಿ ರಸ್ತೆಗೆ ಅಡ್ಡಲಾಗಿ ನಿಂತಿತು. ಭಾವ ಬಂದ ವೇಗವೇನೂ ಜಾಸ್ತಿಯಲ್ಲ. ತಿರುವಿನಲ್ಲಿ ಬ್ರೇಕ್ ಮುಟ್ಟಿದರು, ಅಷ್ಟೆ. ಬ್ರೇಕ್ ಮುಟ್ಟಿದಾಗ ಭಾರ ಮುಂದಕ್ಕೆ ಹೋಗಿ ಹಿಂದಿನ ಚಕ್ರಗಳು ಇನ್ನೂ ಹಗುರಾಗುತ್ತವೆ. ಒಂದು ಕಡೆ ಕೆರೆ, ಇನ್ನೊಂದು ಕಡೆ ಇಳಿಜಾರು. ಪಕ್ಕದ ಸೀಟಿನಲ್ಲಿ ಅಕ್ಕನ ಮಗ ಇದ್ದ. ಎದುರಿನಿಂದ ಯಾರೂ ಬರಲಿಲ್ಲ.

ಅದೇ ಹುಡುಗ ಈಗ ಎಂಜಿನಿಯರಿಂಗ್ ಓದುತ್ತಿದ್ದಾನೆ. ಸೆಕೆಂಡ್ ಹ್ಯಾಂಡ್ ಕಾರೊಂದನ್ನು ಕೊಂಡು, ಅದನ್ನು ತಗ್ಗಿಸಿ, ಗಟ್ಟಿ ಸ್ಪ್ರಿಂಗ್ ಹಾಕಿಸುತ್ತೇನೆ ಎಂದು ಹೊರಟಿದ್ದ. 'ಮಾವ, ಕಾರ್ನರಿಂಗ್ ಸೂಪರ್ ಆಗ್ತದೆ' ಎಂದ. ಅವನ ಮಾತಿನಲ್ಲಿ ಅರ್ಧ ನಿಜವಿತ್ತು. ಕಾರು ತಗ್ಗಿದರೆ ಭಾರದ ಕೇಂದ್ರ ಇಳಿಯುತ್ತದೆ, ದಾಟುವ ಭಾರ ಕಡಿಮೆಯಾಗುತ್ತದೆ. ನುಣುಪಾದ ರಸ್ತೆಯಲ್ಲಿ ಅದು ಚುರುಕಾಗಿ ತಿರುಗುವುದೂ ಹೌದು. ಆದರೆ ನಾಲ್ಕು ಮೂಲೆಯನ್ನೂ ಒಟ್ಟಿಗೆ ಲೆಕ್ಕ ಹಾಕದೆ ಹಿಂದೆ ಮಾತ್ರ ಬಿಗಿದರೆ, ಕಂಪನಿಯವರು ಬೇಕೆಂದೇ ಇಟ್ಟಿದ್ದ ಅಂಡರ್‌ಸ್ಟಿಯರನ್ನು ತೆಗೆದುಹಾಕಿದಂತೆ. ಮನೆಮಂದಿಯ ಕಾರುಗಳನ್ನು ಹಾಗೆ ಮಾಡುವುದಕ್ಕೆ ಕಾರಣವಿದೆ. ಮುಂದಿನ ಚಕ್ರ ಜಾರಿದಾಗ ಹೆದರಿದವನು ಆಕ್ಸಿಲರೇಟರ್ ಬಿಡುತ್ತಾನೆ, ಕಾರು ದಾರಿಗೆ ಬರುತ್ತದೆ. ಹಿಂದಿನದು ಜಾರಿದಾಗ ಅದೇ ಹೆದರಿಕೆ, ಅದೇ ಕಾಲು ಅವನನ್ನು ಸುತ್ತಿ ಎಸೆಯುತ್ತದೆ.

ಇದಕ್ಕೆ ದೊಡ್ಡ ಉದಾಹರಣೆ ಅಮೆರಿಕದ ಷೆವ್ರೊಲೆ ಕಾರ್ವೇರ್. 1960ರ ಮಾದರಿಯಾಗಿ ಬಂದ ಆ ಕಾರಿಗೆ ಎಂಜಿನ್ ಹಿಂದಿತ್ತು. ಮುಂದಿನ ಜೋಡಿಗೆ ಹೆಚ್ಚು ಪಾಲು ಕೊಡುವ ಆ್ಯಂಟಿ ರೋಲ್ ಬಾರ್ ಎಂಬ ಉಕ್ಕಿನ ಸರಳನ್ನು ಹಾಕಿರಲಿಲ್ಲ. ಅದರ ಬದಲು ಮುಂದಿನ ಟೈರಿಗೆ 15 ಪೌಂಡ್, ಹಿಂದಿನದಕ್ಕೆ 26 ಪೌಂಡ್ ಗಾಳಿ ಎಂಬ ಸೂಚನೆಯನ್ನು ನೆಚ್ಚಿಕೊಂಡಿದ್ದರು. 1964ರ ಮಾದರಿಗೆ ಆ ಸರಳು ಬಂತು. 1965ರಲ್ಲಿ ರಾಲ್ಫ್ ನೇಡರ್ ತಮ್ಮ ಪುಸ್ತಕದ ಮೊದಲ ಅಧ್ಯಾಯವನ್ನೇ ಈ ಕಾರಿಗೆ ಮೀಸಲಿಟ್ಟರು. ಆ ಕಾಲದ ಬೇರೆ ಕಾರುಗಳಿಗಿಂತ ಇದೇನೂ ಕೆಟ್ಟದ್ದಲ್ಲ ಎಂದು 1972ರಲ್ಲಿ ಅಲ್ಲಿನ ಸರ್ಕಾರದ ವರದಿ ಹೇಳಿತು. ವಾದ ಏನೇ ಇರಲಿ, ಒಂದು ಸರಳು, ಕೆಲವು ಪೌಂಡ್ ಗಾಳಿ, ಇಷ್ಟರಿಂದಲೇ ಗಾಡಿಯ ಗುಣ ಬದಲಾಗುತ್ತದೆ ಎಂಬುದಂತೂ ಉಳಿಯಿತು.

ಹುಡುಗನಿಗೆ ನಾನು ಹತ್ತಿರದ ಇನ್ನೊಂದು ಉದಾಹರಣೆ ಕೊಟ್ಟೆ. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣು ರಸ್ತೆಯಲ್ಲಿ ರ್‍ಯಾಲಿ ಓಡಿಸುವವರು ಕಾರನ್ನು ನೆಲಕ್ಕೆ ತಗ್ಗಿಸಿ ಬಿಗಿಯುವುದಿಲ್ಲ. ಚಕ್ರ ಮೇಲೆ ಕೆಳಗೆ ಚೆನ್ನಾಗಿ ಆಡುವಂತೆ ಜಾಗ ಬಿಟ್ಟು, ಆ ಆಟವನ್ನು ಹಿಡಿತದಲ್ಲಿಡುವ ಒಳ್ಳೆಯ ಡ್ಯಾಂಪರುಗಳಿಗೆ ದುಡ್ಡು ಸುರಿಯುತ್ತಾರೆ. ಅವರಿಗೆ ಬೇಕಾದದ್ದು ಚಕ್ರ ನೆಲದ ಮೇಲಿರುವುದು. ನಮ್ಮ ತೋಟದ ದಾರಿಗಳು ಅದಕ್ಕಿಂತ ನುಣುಪಾಗೇನೂ ಇಲ್ಲ. ಅವನು ಎರಡು ದಿನ ಸುಮ್ಮನಿದ್ದ. ಆಮೇಲೆ ಹಳೆಯ ಡ್ಯಾಂಪರು ತೆಗೆಸಿ ಅದೇ ಅಳತೆಯ ಹೊಸದನ್ನು ಹಾಕಿಸಿ, ನಾಲ್ಕು ಹೊಸ ಟೈರು ಕೊಂಡ. ಸ್ಪ್ರಿಂಗು ಮುಟ್ಟಲಿಲ್ಲ.

ಭಾವನ ಲೆಕ್ಕ ಇಷ್ಟು ಸುಲಭವಲ್ಲ. ಕಂಪನಿ ಮಾಡಿದ ಗಾಡಿಯನ್ನು ಹೀಗೆ ಬದಲಿಸುವಂತಿಲ್ಲ ಎಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ ಎಂದೆ. ಅವರು ತಲೆಯಾಡಿಸಿದರು. ಹುಡುಗ ಕಾಗದದ ಮೇಲೆ ಬರೆದು ತೋರಿಸಿದ. ಅದಕ್ಕೂ ತಲೆಯಾಡಿಸಿದರು. 'ಪ್ಲೇಟ್ ತೆಗುದ್ರೆ ಒಂದ್ ಲೋಡು ಎರಡಾಯ್ತದೆ. ಡೀಸೆಲ್ ಎರಡು ಸಲ. ಬಾಡಿಗೆ ಕೊಡೋರು ಒಂದೇ ಸಲ ಕೊಡ್ತಾರೆ' ಎಂದರು. ಆ ಮಾತಿಗೆ ನಮ್ಮಿಬ್ಬರಲ್ಲೂ ಉತ್ತರವಿರಲಿಲ್ಲ. ತಿರುವಿನಲ್ಲಿ ಭಾರ ಎಲ್ಲೂ ಮಾಯವಾಗುವುದಿಲ್ಲ, ಒಬ್ಬರ ಪಾಲಿನಿಂದ ಇನ್ನೊಬ್ಬರ ಪಾಲಿಗೆ ಹೋಗುತ್ತದೆ. ತೋಟದವರಿಂದ ಮಂಡಿಯವರೆಗಿನ ವ್ಯವಹಾರದಲ್ಲಿ ಅದು ಕೊನೆಗೆ ಬಂದು ನಿಲ್ಲುವುದು ಖಾಲಿ ಗಾಡಿಯಲ್ಲಿ ಮನೆಗೆ ಬರುತ್ತಿರುವವನ ಹಿಂದಿನ ಚಕ್ರದ ಮೇಲೆ.

ಈಗ ಭಾವ ಆದಷ್ಟು ಮಟ್ಟಿಗೆ ಖಾಲಿ ಬರುವುದಿಲ್ಲ. ತಿಪಟೂರಿನಿಂದ ಬೂಸಾ, ಹಿಂಡಿ ಮೂಟೆಗಳನ್ನು ಸಿಕ್ಕ ಬಾಡಿಗೆಗೆ ಹಾಕಿಕೊಂಡು, ಅವನ್ನು ಹಿಂದಿನ ಆಕ್ಸಲ್ಲಿನ ಮೇಲೆ ಬರುವಂತೆ ಜೋಡಿಸುತ್ತಾರೆ. ಏನೂ ಸಿಗದ ದಿನ ನಾಲ್ಕು ಮರಳಿನ ಚೀಲ. ಬ್ರೇಕನ್ನು ತಿರುವಿನ ಮುಂಚೆಯೇ ಮುಗಿಸುತ್ತಾರೆ. ಇದು ಅರ್ಧ ಪರಿಹಾರ, ಪೂರ್ತಿಯಲ್ಲ ಎಂದು ಅವರಿಗೂ ಗೊತ್ತು. ಸಾಲ ತೀರಿದ ತಿಂಗಳೇ ಪ್ಲೇಟು ಬಿಚ್ಚಿಸಬೇಕು ಎಂದು ಅಕ್ಕ ಮಾತು ತೆಗೆದುಕೊಂಡಿದ್ದಾಳೆ. ಮಳೆಯ ಸಂಜೆ ಅವಳು ಫೋನು ಕೈಯಲ್ಲೇ ಹಿಡಿದುಕೊಂಡಿರುತ್ತಾಳೆ. ಇನ್ನು ಎಂಟು ಕಂತು ಬಾಕಿ ಇವೆ.