ಹಕ್ ಹರಿದು ಹಾಕಿದ ಪತ್ರ

ಮಾರ್ಕ್ ಟ್ವೈನ್‌ನ ‘ಹಕಲ್‌ಬೆರಿ ಫಿನ್’ ಕಾದಂಬರಿಯ 31ನೇ ಅಧ್ಯಾಯ ನನ್ನನ್ನು ಪ್ರತಿಸಲವೂ ತಡೆದು ನಿಲ್ಲಿಸುತ್ತದೆ. ಹುಡುಗ ಹಕ್‌ನ ಜೊತೆ ತೆಪ್ಪದಲ್ಲಿ ಸಾಗುತ್ತಿದ್ದ ಜಿಮ್‌ನನ್ನು ವಂಚಕರು 40 ಡಾಲರಿಗೆ ಮಾರಿಬಿಟ್ಟಿದ್ದಾರೆ. ಓಡಿಹೋದ ಗುಲಾಮ ಎಲ್ಲಿದ್ದಾನೆಂದು ಒಡತಿ ಮಿಸ್ ವಾಟ್ಸನ್‌ಗೆ ತಿಳಿಸಲು ಹಕ್ ಪತ್ರ ಬರೆಯುತ್ತಾನೆ. ಬರೆದ ಕೂಡಲೇ ಪಾಪ ತೊಳೆದುಹೋದಂತೆ ಅವನ ಮನಸ್ಸು ಹಗುರಾಗುತ್ತದೆ!

ಆಮೇಲೆ ತೆಪ್ಪದ ಮೇಲಿನ ರಾತ್ರಿಗಳು ನೆನಪಾಗುತ್ತವೆ. ಹುಡುಗ ಮಲಗಿರಲಿ ಎಂದು ಎಬ್ಬಿಸದೆ, ಅವನ ಸರದಿಯ ಕಾವಲನ್ನೂ ತಾನೇ ಕಾಯುತ್ತಿದ್ದ ಜಿಮ್. ಮಂಜಿನಲ್ಲಿ ತಪ್ಪಿಸಿಕೊಂಡವನು ಮರಳಿ ಸಿಕ್ಕಾಗ ಹಿಗ್ಗಿದ ಜಿಮ್. ನರಕಕ್ಕೆ ಹೋದರೂ ಸರಿಯೆಂದು ಹಕ್ ಪತ್ರವನ್ನು ಹರಿಯುತ್ತಾನೆ.

ಗುಲಾಮಗಿರಿಯೇ ತಪ್ಪು ಎಂದು ಅವನಿಗೆ ಆಗಲೂ ಹೊಳೆದಿರುವುದಿಲ್ಲ. ಕಾನೂನು, ಚರ್ಚು, ಊರು ಎಲ್ಲವೂ ಅವನೊಳಗೆ ಕೂತು ಆತ್ಮಸಾಕ್ಷಿಯ ದನಿಯಲ್ಲೇ ಮಾತಾಡುತ್ತಿವೆ. ಪಾಪ ಮಾಡುತ್ತಿದ್ದೇನೆ ಎಂದು ಪೂರ್ತಿ ನಂಬಿಕೊಂಡೇ ಗೆಳೆಯನ ಪಕ್ಕ ನಿಲ್ಲುವುದು ಎಂಥ ಧೈರ್ಯ! 1885ರಲ್ಲಿ ಪುಸ್ತಕ ಅಮೆರಿಕದಲ್ಲಿ ಬಂದಾಗ ಗುಲಾಮಗಿರಿ ರದ್ದಾಗಿ 20 ವರ್ಷವಾಗಿತ್ತು. ಆ ದನಿಯಿನ್ನೂ ಅಡಗಿರಲಿಲ್ಲ.

ಅದಕ್ಕೇ ಕೊನೆಯ ಅಧ್ಯಾಯಗಳು ನನ್ನನ್ನು ನೋಯಿಸುತ್ತವೆ. ಮಿಸ್ ವಾಟ್ಸನ್ ತೀರಿಕೊಂಡಿದ್ದಾಳೆ, ಉಯಿಲಿನಲ್ಲಿ ಜಿಮ್‌ಗೆ ಬಿಡುಗಡೆ ಬರೆದಿದ್ದಾಳೆ ಎಂಬುದು ಹಕ್‌ನ ಗೆಳೆಯ ಟಾಮ್ ಸಾಯರ್‌ಗೆ ಗೊತ್ತು. ಆದರೂ ಸಾಹಸದ ಆಟಕ್ಕಾಗಿ ಜಿಮ್‌ನನ್ನು ವಾರಗಟ್ಟಲೆ ಸರಪಳಿಯಲ್ಲೇ ಬಿಡುತ್ತಾನೆ. ಕೊನೆಗೆ ಪಾರಾಗುವಾಗ ಗುಂಡು ತಗುಲಿದ ಅದೇ ಟಾಮ್‌ನನ್ನು ಬಿಟ್ಟು ಓಡಲೊಪ್ಪದೆ ಮತ್ತೆ ಸೆರೆಯಾಗುವವನು ಜಿಮ್.